ಏರಿನಲ್ಲಿ ಸೆಕೆಂಡ್ ಗೇರ್

ಎಡಗಡೆಯ ಬಾಗಿಲು

ಬೆಲ್ಜಿಯಂ ನೆಲದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಬೇರೆಯವರ ಡ್ರೈವರ್ ಸೀಟಿನಲ್ಲಿ ಹೋಗಿ ಕೂತದ್ದು. ವಿಮಾನ ನಿಲ್ದಾಣದ ಹೊರಗೆ ಮಗಳು ಚೈತ್ರ ನನ್ನ ಪೆಟ್ಟಿಗೆಯನ್ನು ಕಾರಿನ ಡಿಕ್ಕಿಗೆ ತುಂಬುತ್ತಿದ್ದಳು. ನಾನು ದೊಡ್ಡ ಮನುಷ್ಯನ ಹಾಗೆ ಮುಂದೆ ಹೋಗಿ ಎಡಗಡೆಯ ಬಾಗಿಲು ತೆಗೆದು ಕೂತೆ. ಕಣ್ಣೆದುರಿಗೆ ಸ್ಟೀರಿಂಗ್ ಬಂತು. ಹೊರಗೆ ಕತ್ತರಿಸಿದ ಕೂದಲಿನ, ನನಗಿಂತ ಎತ್ತರದ ಹೆಂಗಸೊಬ್ಬರು ಕಾರಿನ ಬೀಗದ ಕೈ ಹಿಡಿದು ನಗುತ್ತಾ ನಿಂತಿದ್ದರು.

"ಅಪ್ಪ, ರಿಟೈರ್ ಆಗಿರೋದು ಮರ್ತೋಯ್ತಾ? ಇಳಿ, ಅವ್ರು ಓಡಿಸ್ಬೇಕು," ಎಂದಳು ಚೈತ್ರ.

ನನ್ನ ತಪ್ಪೇನೂ ಇಲ್ಲ. ಆ ದೇಶದಲ್ಲಿ ಸ್ಟೀರಿಂಗ್ ಇರುವುದೇ ಎಡಕ್ಕೆ. ದೊಡ್ಡಬಳ್ಳಾಪುರ ಡಿಪೋದಲ್ಲಿ ಸರ್ಕಾರಿ ಬಸ್ ಓಡಿಸಿ ತಲೆ ನೆರೆಸಿಕೊಂಡ ನನಗೆ ಎಡಗಡೆ ಎಂದರೆ ಜನ ಹತ್ತುವ ಕಡೆ, ಅಷ್ಟೆ. ಇಳಿದು ಹಿಂದಿನ ಸೀಟಿಗೆ ಹೋದೆ. ದಾರಿಯುದ್ದಕ್ಕೂ ಎದುರಿನಿಂದ ಬರುವ ಪ್ರತಿ ಲಾರಿಯೂ ನಮ್ಮ ಮೇಲೇ ಬರುತ್ತಿದೆ ಎನಿಸಿ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.

ಕಾರು ಓಡಿಸುತ್ತಿದ್ದ ಹೆಂಗಸಿನ ಹೆಸರು ಲೀವ. ಒಂದು ಕಾಲಕ್ಕೆ ಅವರೂ ಸೈಕಲ್ ರೇಸಿನವರೇ. ಈಗ ಚೈತ್ರ ಸಂಬಳಕ್ಕೆ ಸೈಕಲ್ ತುಳಿಯುವ ಹೆಣ್ಣುಮಕ್ಕಳ ತಂಡಕ್ಕೆ ಯಜಮಾನಿ, ಡ್ರೈವರ್, ಗುರು ಎಲ್ಲವೂ ಅವರೇ. ಸೈಕಲ್ ತುಳಿಯುವುದಕ್ಕೆ ಸಂಬಳ ಕೊಡುತ್ತಾರೆ ಎಂದು ನಮ್ಮೂರಿನಲ್ಲಿ ಯಾರೂ ಇವತ್ತಿಗೂ ನಂಬಿಲ್ಲ. ಅರಳಿಕಟ್ಟೆ ಹತ್ತಿರ ಸಿಕ್ಕವರೆಲ್ಲ ಕೇಳುವುದು ಒಂದೇ ಮಾತು: "ಏನ್ ಮುನಿರಾಜಣ್ಣ, ಮಗ್ಳು ಒಂದಾದ್ರೂ ಗೆದ್ಲಾ?" ಇಲ್ಲ ಎನ್ನುತ್ತೇನೆ.

ನಾನು ಹೋದದ್ದು ಊರು ನೋಡುವುದಕ್ಕಲ್ಲ. ಮುಂದಿನ ವರ್ಷಕ್ಕೆ ತಂಡ ಅವಳನ್ನು ಇಟ್ಟುಕೊಳ್ಳುತ್ತದೋ ಇಲ್ಲವೋ ಗೊತ್ತಿಲ್ಲ, ಇರುವಾಗಲೇ ಒಂದು ಸಲ ಬಂದು ನೋಡು ಎಂದು ಅವಳು ಕರೆದಿದ್ದಳು. ಅದೇ ಹೊತ್ತಿಗೆ ನನ್ನ ಹೆಂಡತಿ ಜಯಮ್ಮನ ಅಣ್ಣ ಒಂದು ಸುದ್ದಿ ತಂದಿದ್ದ. ಬೆಂಗಳೂರಿನಲ್ಲಿ ಕ್ರೀಡಾ ಕೋಟಾದಲ್ಲಿ ಚೈತ್ರನಿಗೆ ಸರ್ಕಾರಿ ಕೆಲಸ ಸಿಗುವ ಹಾಗಿದೆ, ಮಂಗಳವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ವಿಮಾನವೆಂದರೆ ಭಯಪಡುವ ಜಯಮ್ಮ ಹುರಿಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ, ರಾಗಿಹಿಟ್ಟು ಕಟ್ಟಿಕೊಟ್ಟು ಬಾಗಿಲಲ್ಲಿ ಹೇಳಿದ್ದು ಇಷ್ಟೇ: "ಜೊತೆಗೇ ಕರ್ಕೊಂಡ್ ಬಂದ್ಬಿಡಿ." ನನ್ನ ಮನಸ್ಸಿನಲ್ಲೂ ಅದೇ ಇತ್ತು.

ಶುಕ್ರವಾರ: ಕೆಂಪು ದಾರಿ

ತಂಡದ ಹುಡುಗಿಯರು ವಾಸವಿದ್ದದ್ದು ಒಂದು ಸಣ್ಣ ಊರಿನಲ್ಲಿ. ಇಟ್ಟಿಗೆ ಬಣ್ಣದ ಮನೆಗಳು, ಕಿಟಕಿಗೆ ಬಿಳಿ ಪರದೆ, ಒಳಗೊಬ್ಬರು ಇದ್ದಾರೆಂಬ ಗುರುತಿಗೆ ಒಂದು ಹೂವಿನ ಕುಂಡ. ಬೆಳಿಗ್ಗೆ ವಾಕಿಂಗ್ ಹೊರಟೆ. ರಸ್ತೆಯ ಪಕ್ಕದಲ್ಲಿ ಕೆಂಪು ಬಣ್ಣ ಬಳಿದ ಒಳ್ಳೆಯ ದಾರಿ ಕಂಡಿತು. ನಡೆಯುವವರಿಗೆ ಎಷ್ಟು ಚೆನ್ನಾಗಿ ಮಾಡಿದ್ದಾರೆ ಎಂದುಕೊಂಡು ಅದರ ನಡುವೆ ಕೈ ಬೀಸಿಕೊಂಡು ಹೋದೆ. ಹಿಂದಿನಿಂದ ಬೆಲ್ಲು. ಪಕ್ಕಕ್ಕೆ ಸರಿಯುವಷ್ಟರಲ್ಲಿ ಒಬ್ಬ ಮುದುಕಿ, ಮುಂದಿನ ಬುಟ್ಟಿಯಲ್ಲಿ ಈರುಳ್ಳಿ ಸೊಪ್ಪು ಇಟ್ಟುಕೊಂಡವಳು, ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ ಬೈದುಕೊಂಡು ಹೋದಳು. ಭಾಷೆ ಬಾರದಿದ್ದರೂ ಬೈಗುಳ ತಿಳಿಯಿತು. ಅದು ಸೈಕಲ್‌ಗಳಿಗೇ ಮೀಸಲಾದ ದಾರಿಯಂತೆ.

ನಮ್ಮ ನೆಲಮಂಗಲದ ಹೈವೇಯಲ್ಲಿ ಸೈಕಲ್‌ನವನು ಲಾರಿ ಬಿಟ್ಟುಕೊಟ್ಟಷ್ಟು ಮಣ್ಣಿನಲ್ಲಿ ಜೀವ ಹಿಡಿದುಕೊಂಡು ಹೋಗಬೇಕು. ಇಲ್ಲಿ ಕಾರಿನವನು ಸೈಕಲ್ಲಿಗೆ ಕಾಯುತ್ತಾನೆ. ಖಾಲಿ ರಸ್ತೆಯಲ್ಲೂ ಕೆಂಪು ದೀಪ ಬಿದ್ದರೆ ಜನ ಕಂಬದ ಹಾಗೆ ನಿಲ್ಲುತ್ತಾರೆ. ಹಾರ್ನ್ ಸದ್ದೇ ಇಲ್ಲ. ಎರಡು ದಿನ ಹಾರ್ನ್ ಕೇಳದೆ ನನಗೆ ಕಿವಿಯಲ್ಲಿ ಏನೋ ತೊಂದರೆಯಾಗಿದೆ ಎಂದೇ ಅನುಮಾನ ಬಂದಿತ್ತು.

ಆ ಮುದುಕಿಯ ಬೆಲ್ಲು ಕೇಳಿದಾಗ ನನಗೆ ನೆನಪಾದದ್ದು ಚೈತ್ರನ ಹಳೆಯ ಸೈಕಲ್. ನಮ್ಮೂರು ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿದೆ. ಹೈಸ್ಕೂಲು ದೊಡ್ಡಬಳ್ಳಾಪುರದಲ್ಲಿ. ಬೆಳಿಗ್ಗೆ ನಾನು ಓಡಿಸುವ ಬಸ್ಸಿನಲ್ಲೇ ಅವಳು ಬರಬಹುದಿತ್ತು, ಆದರೆ ಅಪ್ಪನ ಬಸ್ಸಿನಲ್ಲಿ ಬಂದರೆ ಗೆಳತಿಯರು ನಗುತ್ತಾರೆ ಎಂದು ಸೈಕಲ್ ಹಿಡಿದಳು. ಬಸ್ಸು ಸ್ಟಾಪಿನಲ್ಲಿ ನಿಂತಾಗ ಮುಂದೆ ಹೋಗುವಳು, ಹೊರಟಾಗ ಹಿಂದೆ ಸೇರಿಕೊಳ್ಳುವಳು. "ಬಸ್ ಹಿಂದೆ ಗಾಳಿನೇ ಇರಲ್ಲ ಕಣಪ್ಪ, ಅದೇ ಎಳ್ಕೊಂಡ್ ಹೋದಂಗಾಗುತ್ತೆ," ಎಂದು ಸಂಜೆ ಹೇಳುವಳು. ಬಸ್ಸಿನ ಹಿಂದಿನ ಏಣಿ ಹಿಡಿದು ಜೋತು ಬೀಳುವ ಹುಡುಗರನ್ನು ಬಸ್ಸು ನಿಲ್ಲಿಸಿ ಇಳಿಸಿ ಬೈಯುವವನೆಂದು ನನಗೆ ಹೆಸರಿತ್ತು. ಇವಳು ಏಣಿ ಮುಟ್ಟುತ್ತಿರಲಿಲ್ಲ, ಬರೀ ಹಿಂದೆ ಬರುತ್ತಿದ್ದಳು. ಅದಕ್ಕೆ ನಾನು ಬೈಯಲಿಲ್ಲ.

ಕೆರೆ ದಾಟಿದ ಮೇಲೆ ಒಂದು ಏರು ಇದೆ. ಅಲ್ಲಿ ಬಸ್ಸು ಸ್ವಲ್ಪ ಜೋರಾದರೂ ಅವಳು ಕಳಚಿಕೊಳ್ಳುತ್ತಿದ್ದಳು. ಕನ್ನಡಿಯಲ್ಲಿ ಕಾಣುತ್ತಿತ್ತು. ನಾನು ಅಲ್ಲಿ ಸೆಕೆಂಡ್ ಗೇರಿಗೆ ಇಳಿಸುತ್ತಿದ್ದೆ. "ಏನಣ್ಣ, ಈ ಏರಿಗೆ ದಿನಾ ಸೆಕೆಂಡ್ ಗೇರಾ?" ಎಂದು ಕೇಳಿದ್ದ ನಮ್ಮ ಕಂಡಕ್ಟರ್ ರಾಮಾಂಜಿ. "ಲೋಡ್ ಜಾಸ್ತಿ ಕಣೋ," ಅಂದೆ. ಬಸ್ಸಿನಲ್ಲಿ ಇದ್ದದ್ದು ಹೂವಿನ ಮಂಕರಿ ಹಿಡಿದ ಇಬ್ಬರು ಹೆಂಗಸರು. ಅವನು ಬಾಗಿಲಿನಿಂದ ಹಿಂದಕ್ಕೆ ಬಗ್ಗಿ ನೋಡಿದ. ಮತ್ತೆ ಕೇಳಲಿಲ್ಲ. ಚೈತ್ರನಿಗೆ ಇದು ಗೊತ್ತಿಲ್ಲ, ನಾನೂ ಹೇಳಿಲ್ಲ. ಅವಳು ಬಸ್ಸನ್ನು ಬಿಡದೆ ಹಿಡಿದಿದ್ದೇನೆ ಎಂಬ ಖುಷಿಯಲ್ಲಿ ಜಿಲ್ಲೆಗೆ ಹೋದಳು, ರಾಜ್ಯಕ್ಕೆ ಹೋದಳು, ಹಾಸ್ಟೆಲ್ ಸೇರಿದಳು, ಇಲ್ಲಿಯವರೆಗೆ ಬಂದಳು.

ಶನಿವಾರ: ತಕ್ಕಡಿಯಲ್ಲಿ ಮುದ್ದೆ

ಆ ಮನೆಯ ಹುಡುಗಿಯರು ಅನ್ನವನ್ನೂ ತೂಕ ಹಾಕಿ ತಿನ್ನುತ್ತಾರೆ. ಅಡುಗೆ ಕಟ್ಟೆಯ ಮೇಲೆ ಅಂಗೈ ಅಗಲದ ತಕ್ಕಡಿ. ಬಾಳೆಹಣ್ಣು ಸಿಪ್ಪೆ ಸುಲಿದು ತೂಗುತ್ತಾರೆ, ಬ್ರೆಡ್ಡು ತೂಗುತ್ತಾರೆ. ಮಧ್ಯಾಹ್ನದ ಊಟಕ್ಕೆ ಆ ದೇಶದವರು ತಣ್ಣಗಿನ ಬ್ರೆಡ್ಡಿನ ನಡುವೆ ತಣ್ಣಗಿನದೇ ಏನೋ ಇಟ್ಟು ನಿಂತುಕೊಂಡೇ ಮುಗಿಸುತ್ತಾರೆ. ಇದನ್ನು ನೋಡಲಾರದೆ ನಾನು ಮುದ್ದೆ ತಿರುವಿದೆ. ಬೆಂಕಿ ಇಲ್ಲದ ಒಲೆ, ಕೋಲಿಗೆ ಬದಲು ಮರದ ಸೌಟು. ಗಂಟು ಗಂಟಾಯಿತು.

ತಂಡದ ಮುಖ್ಯ ಹುಡುಗಿ ಸಾನೆ ಎಂಬ ಹಾಲೆಂಡಿನವಳು ಒಂದು ತುತ್ತು ಬಾಯಿಗಿಟ್ಟು ಅಗಿದಳು, ಅಗಿದಳು, ಅಗಿಯುತ್ತಲೇ ಇದ್ದಳು. ಚೈತ್ರ ನಕ್ಕು ನುಂಗು ಎಂದು ಕೈಯಲ್ಲಿ ತೋರಿಸಿದಳು. ಆಮೇಲೆ ತನ್ನ ಮುದ್ದೆಯನ್ನು ತಕ್ಕಡಿಯ ಮೇಲಿಟ್ಟು ಒಂದು ಮೂಲೆ ಮುರಿದು ತೆಗೆದಳು. ಆ ತುಣುಕನ್ನು ನಾನು ತಿಂದೆ. ಮಗಳು ಮುದ್ದೆ ತೂಗಿದ್ದು ಜಯಮ್ಮನಿಗೆ ಹೇಳಬಾರದು ಅಂದುಕೊಂಡೆ.

ಸಂಜೆ ಕಾಲುವೆಯ ದಂಡೆಯಲ್ಲಿ ಕೂತಾಗ ಅವಳು ತನ್ನ ಕೆಲಸ ವಿವರಿಸಿದಳು. ತಂಡದಲ್ಲಿ ಗೆಲ್ಲಬೇಕಾದವಳು ಸಾನೆ. ಉಳಿದವರು ಅವಳ ಮುಂದೆ ತುಳಿದು ಗಾಳಿ ತಡೆಯಬೇಕು, ಹಿಂದಿನ ಕಾರಿಗೆ ಬಂದು ನೀರು ಹೊತ್ತು ಕೊಡಬೇಕು, ಅವಳ ಚಕ್ರ ಕೆಟ್ಟರೆ ತಮ್ಮದು ಬಿಚ್ಚಿ ಕೊಡಬೇಕು. ಇಷ್ಟು ವರ್ಷ ನಾನು ಪೇಪರಿನಲ್ಲಿ ಹುಡುಕಿದ ಹೆಸರು ಇದಕ್ಕೇ ಸಿಗುತ್ತಿರಲಿಲ್ಲ. ಅವಳ ಶರ್ಟಿನ ಕಾಲರಿನ ಒಳಗೆ ಒಂದು ಉದ್ದನೆಯ ಗಾಯದ ಗುರುತು ಕಂಡಿತು. ಕತ್ತಿನ ಕೆಳಗಿನ ಮೂಳೆ ಮುರಿದಿತ್ತಂತೆ. ಫೋನಿನಲ್ಲಿ ಜ್ವರ ಎಂದಿದ್ದಳು.

"ಒಬ್ರನ್ನ ಕಮ್ಮಿ ಮಾಡ್ತಾರಪ್ಪ ಮುಂದಿನ್ ವರ್ಷಕ್ಕೆ. ನಾನೋ, ಇನ್ನೊಬ್ಳೋ. ನಾಳೆ ರೇಸ್ ನೋಡಿ ಮಂಗಳವಾರ ಹೇಳ್ತೀನಿ ಅಂದವ್ರೆ ಲೀವ. ಗೆಲ್ಬೇಕಾಗಿಲ್ಲ. ಸಾನೆನ ಕೊನೆವರ್ಗೂ ಮುಂದೆ ಇಟ್ಟಿರ್ಬೇಕು, ನಾನು ಮುಗಿಸ್ಬೇಕು. ತುಂಬ ಹಿಂದೆ ಬಿದ್ರೆ ಬೆನ್ನಿನ್ ನಂಬರ್ ಕಿತ್ಕೊಂಡು ರೋಡಿಂದ ತೆಗೆದ್ಬಿಡ್ತಾರೆ."

ಆಗ ನಾನು ಸರ್ಕಾರಿ ಕೆಲಸದ ಸುದ್ದಿ ಹೇಳಿದೆ. ಅಮ್ಮ ಕಾಯುತ್ತಿದ್ದಾಳೆ ಎಂದೂ ಹೇಳಿದೆ. ಅವಳು ನೀರಿನಲ್ಲಿ ಹೋಗುತ್ತಿದ್ದ ದೋಣಿಯನ್ನೇ ನೋಡುತ್ತಾ ಕೂತಳು.

"ಈ ಕೆಲ್ಸ ನನಗೆ ಇಷ್ಟ ಅಪ್ಪ," ಎಂದಳು ಕೊನೆಗೆ. "ನಾಳೆ ಮುಗೀಲಿ. ಅವ್ರು ಬೇಡ ಅಂದ್ರೆ ನಿನ್ ಜೊತೆನೇ ಬರ್ತೀನಿ, ಒಂದ್ ಮಾತೂ ಆಡಲ್ಲ."

ಭಾನುವಾರ: ಎಂಟನೇ ಕಾರು

ರೇಸಿನ ಊರಿನಲ್ಲಿ ಜನ ಮನೆಯ ಕುರ್ಚಿಗಳನ್ನೇ ರಸ್ತೆ ಬದಿಗೆ ತಂದು ಹಾಕಿಕೊಂಡಿದ್ದರು. ಅಜ್ಜಿಯರ ತೊಡೆಯ ಮೇಲೆ ಕಂಬಳಿ, ಗಂಡಸರ ಕೈಯಲ್ಲಿ ಬಿಯರು, ಎಲ್ಲರ ಕೈಯಲ್ಲೂ ಕಾಗದದ ಪೊಟ್ಟಣದಲ್ಲಿ ಕರಿದ ಆಲೂಗಡ್ಡೆ. ಸೈಕಲ್‌ಗಳು ಹಾದುಹೋಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅದಕ್ಕಾಗಿ ಇಡೀ ಮಧ್ಯಾಹ್ನ ಕೂರುತ್ತಾರೆ.

ತಂಡದ ಸಹಾಯಕಿಗೆ ಆರೋಗ್ಯ ಕೆಟ್ಟಿದ್ದರಿಂದ ಲೀವ ನನ್ನನ್ನು ತಮ್ಮ ಕಾರಿಗೆ ಹತ್ತಿಸಿಕೊಂಡರು. ಸೈಕಲ್‌ಗಳ ಗುಂಪಿನ ಹಿಂದೆ ಪ್ರತಿ ತಂಡದ ಕಾರೂ ಸಾಲಾಗಿ ಹೋಗುತ್ತದೆ. ನಮ್ಮದು ಎಂಟನೆಯದು. ಲೀವ ಸ್ಟೀರಿಂಗಿನಲ್ಲಿ, ಅವರ ಹಿಂದಿನ ಸೀಟಿನಲ್ಲಿ ನಾನು, ನನ್ನ ಪಕ್ಕ ಐಸ್ ಡಬ್ಬಿ, ಅದರಾಚೆ ಚಕ್ರಗಳನ್ನು ತಬ್ಬಿಕೊಂಡ ಮೆಕ್ಯಾನಿಕ್ ಯಾನ್. ಬಾಟಲಿ ಕೊಡುವ ಕ್ರಮವನ್ನು ಅವನು ನನಗೆ ಹೇಳಿಕೊಟ್ಟ. ಹಿಂದೆ ಬಿದ್ದ ಹುಡುಗಿ ಬಂದು ಬಾಟಲಿ ಹಿಡಿದಾಗ ಕೂಡಲೇ ಬಿಡಬಾರದು. ಇಬ್ಬರೂ ಹಿಡಿದುಕೊಂಡಿರಬೇಕು, ಲೀವ ಆಕ್ಸಿಲರೇಟರ್ ಒತ್ತುತ್ತಾರೆ, ಅವಳಿಗೆ ಒಂದು ಎಳೆತ ಸಿಗುತ್ತದೆ. ಕಾನೂನಿನಲ್ಲಿ ಇದಕ್ಕೆ ಜಾಗವಿಲ್ಲ. ಆದರೆ ಎಲ್ಲರೂ ಮಾಡುತ್ತಾರೆ, ಮೋಟಾರ್‌ಬೈಕಿನ ಮೇಲೆ ಬರುವ ತೀರ್ಪುಗಾರರು ಒಂದೆರಡು ಗಳಿಗೆ ಬೇರೆ ಕಡೆ ನೋಡುತ್ತಾರೆ. ಬೇರೆ ಕಡೆ ನೋಡುವ ತೀರ್ಪುಗಾರರು ಇಲ್ಲೂ ಇದ್ದಾರೆ ಎಂದು ತಿಳಿದು ನನಗೆ ಸ್ವಲ್ಪ ಸಮಾಧಾನವಾಯಿತು.

ರೇಸು ಶುರುವಾದದ್ದೇ ತಡ, ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದ ದೇಶ ಹಾರ್ನ್ ಹೊಡೆಯತೊಡಗಿತು. ಕಾರಿಗೆ ಕಾರು ಅಂಟಿಕೊಂಡು, ಗೋಧಿ ಹೊಲಗಳ ನಡುವಿನ ಕಿರಿದಾದ ದಾರಿಯಲ್ಲಿ ನುಗ್ಗುತ್ತಿತ್ತು. ಲೀವ ಮೊಣಕಾಲಿನಲ್ಲಿ ಸ್ಟೀರಿಂಗ್ ಹಿಡಿದು, ಒಂದು ಕೈಯಲ್ಲಿ ವೈರ್‌ಲೆಸ್, ಇನ್ನೊಂದರಲ್ಲಿ ಬ್ರೆಡ್ಡು ಹಿಡಿದಿದ್ದರು. ಡಿಪೋದಲ್ಲಿ ನಾನು ಹೀಗೆ ಓಡಿಸಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದರು. ಆದರೆ ಗಾಡಿ ಒಂದು ಸಲವೂ ಕುಲುಕಲಿಲ್ಲ.

ಚೈತ್ರ ಎರಡು ಸಲ ನೀರಿಗೆ ಬಂದಳು. ಅಂಗಿಯ ಹಿಂದೆ ಮುಂದೆ ಬಾಟಲಿ ತುಂಬಿಕೊಂಡು, ಸಂತೆಯಿಂದ ಹೊರಟವಳ ಹಾಗೆ ಉಬ್ಬಿಕೊಂಡು ಮತ್ತೆ ಗುಂಪಿಗೆ ಹೋದಳು. ನನ್ನ ಕಡೆ ನೋಡಿ ಹುಬ್ಬು ಹಾರಿಸಿದ್ದು ಬಿಟ್ಟರೆ ಮಾತಿಲ್ಲ.

ಆಮೇಲೆ ಕಲ್ಲು ಹಾಸಿದ ದಾರಿ ಬಂತು. ಮುಂದೆ ಧೂಳು, ಬ್ರೇಕ್ ಸದ್ದು, ವೈರ್‌ಲೆಸ್ಸಿನಲ್ಲಿ ಕೂಗು. ಕಾರು ನಿಂತಾಗ ಸೈಕಲ್‌ಗಳು ಒಂದರ ಮೇಲೊಂದು ಬಿದ್ದಿದ್ದವು. ಅವುಗಳ ನಡುವಿನಿಂದ ಚೈತ್ರ ಎದ್ದಳು. ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ನಾನು ಬಾಗಿಲಿಗೆ ಕೈ ಹಾಕಿದೆ, ಲೀವ ಬೇಡವೆಂದು ತಲೆಯಾಡಿಸಿದರು. ಯಾನ್ ಓಡಿಹೋಗಿ ಚಕ್ರ ಬದಲಿಸಿ ಬೆನ್ನಿಗೆ ಕೈ ಕೊಟ್ಟು ತಳ್ಳಿದ. ಗುಂಪು ಅಷ್ಟರಲ್ಲಿ ಕಣ್ಮರೆಯಾಗಿತ್ತು.

ನಾವು ಹಿಂದಿನಿಂದ ಅವಳನ್ನು ಸೇರಿದೆವು. ಎದುರುಗಾಳಿ. ಅವಳು ಕಿಟಕಿಯ ಪಕ್ಕಕ್ಕೆ ಬಂದಳು. ಲೀವ ವೈರ್‌ಲೆಸ್ಸಿನಲ್ಲಿ ಸಾನೆಯ ಜೊತೆ ಮಾತಾಡುತ್ತಿದ್ದರು. "ಕೊಡು, ಬಿಡಬೇಡ," ಎಂದು ಇಂಗ್ಲಿಷಿನಲ್ಲಿ ನನಗೆ ಹೇಳಿದರು. ನಾನು ಬಾಟಲಿ ಹೊರಗೆ ಚಾಚಿದೆ. ಚೈತ್ರನ ಬೆರಳು ಅದರ ಮೇಲೆ ಕೂತವು. ಕಾರಿನ ವೇಗ ಏರಿತು. ನನ್ನ ಕೈ ತಾನಾಗಿ ಬಿಚ್ಚಿಕೊಂಡಿತು.

ಬಾಟಲಿ ಅವಳ ಕೈಯಲ್ಲೇ ಉಳಿಯಿತು. ಅವಳು ಒಂದು ಸಲ ನನ್ನ ಮುಖ ನೋಡಿದಳು, ಅಷ್ಟರಲ್ಲಿ ಕಾರು ಮುಂದೆ ಬಂದಿತ್ತು. ಮುಂದೆ ಸಾನೆಗೆ ಕಾರು ಬೇಕಾಗಿತ್ತು, ನಿಲ್ಲುವ ಹಾಗಿರಲಿಲ್ಲ. ಯಾನ್ ತನ್ನ ಚಕ್ರಗಳನ್ನೇ ನೋಡುತ್ತಾ ಕೂತ. ಲೀವ ತಮ್ಮ ಭಾಷೆಯಲ್ಲಿ ಒಂದು ಮಾತು ಹೇಳಿದರು, ನನಗಲ್ಲ.

ರೂಢಿ ಎಂದುಕೊಂಡೆ. ಗಾಡಿ ಹಿಡಿದು ಬರುವವರನ್ನು ಬಿಡಿಸಿ ಬಿಡಿಸಿ ಅಭ್ಯಾಸವಾದ ಕೈ ಇದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅದೇ ಕೈ ಕೆರೆಯಾಚೆಯ ಏರಿನಲ್ಲಿ ದಿನಾ ಗೇರ್ ಇಳಿಸಿದ ಕೈ ಕೂಡ. ಅವಳು ಇಲ್ಲಿ ಹಿಂದೆ ಬಿದ್ದರೆ ನಾಡಿದ್ದು ನನ್ನ ಜೊತೆ ವಿಮಾನ ಹತ್ತುತ್ತಾಳೆ. ಅದು ನನಗೆ ಬೇಕಾಗಿತ್ತು. ಬೇಕಾಗಿದ್ದಕ್ಕೇ ಬಿಟ್ಟೆನೋ ಏನೋ. ಆ ಕಾರಿನಲ್ಲಿ ಕೂತು ನಾನು ಘಾಟಿಯ ಸ್ವಾಮಿಗೆ ಕೈ ಮುಗಿದೆ. ಮನೆಗೆ ಕಳಿಸು ಎಂದು ಕೇಳಲಿಲ್ಲ. ಅವಳನ್ನು ಗುಂಪಿಗೆ ಸೇರಿಸಪ್ಪ ಎಂದು ಕೇಳಿದೆ.

ಹಿಂದೆ ತಿರುಗಿದರೆ ಡಿಕ್ಕಿಯ ತನಕ ಚಕ್ರಗಳ ರಾಶಿ, ಏನೂ ಕಾಣದು. ನಾನು ಕತ್ತು ಹೊರಳಿಸಿ ಒದ್ದಾಡುವುದನ್ನು ಲೀವ ನೋಡಿರಬೇಕು. ಒಂದು ಗುಂಡಿ ಒತ್ತಿದರು. ಅವರ ಪಕ್ಕದ ಹೊರಗನ್ನಡಿ ಮೆಲ್ಲಗೆ ತಿರುಗಿ ನನ್ನ ಕಡೆ ನಿಂತಿತು. ಓಡುವ ಗಾಡಿಯಲ್ಲಿ ಡ್ರೈವರ್ ತನ್ನ ಕನ್ನಡಿಯನ್ನು ಬಿಟ್ಟುಕೊಡುವುದು ಎಂದರೇನು ಎಂದು ನನಗೆ ಗೊತ್ತು. ನನ್ನ ಕಣ್ಣು ತುಂಬಿಕೊಂಡವು.

ಕನ್ನಡಿಯಲ್ಲಿ ದೂರಕ್ಕೆ ಒಂದು ಬಿಳಿ ಕಾರು, ಅದರ ಹಿಂದೆ ಬಗ್ಗಿದ ಒಂದು ತಲೆ. ಬಿಳಿ ಕಾರು ಅವಳನ್ನು ಒಂದಷ್ಟು ದೂರ ತಂದಿತು. ಅವಳು ಅದನ್ನು ಬಿಟ್ಟು ಮುಂದಿನ ನೀಲಿ ಕಾರಿನ ಹಿಂದೆ ಹಾರಿದಳು, ಅಲ್ಲಿ ಉಸಿರು ತೆಗೆದುಕೊಂಡಳು, ಮತ್ತೆ ಮುಂದಿನದಕ್ಕೆ ಹಾರಿದಳು. ಸ್ಟಾಪಿನಿಂದ ಸ್ಟಾಪಿಗೆ ಬಸ್ಸು ಹಿಡಿದ ಹಾಗೆಯೇ. ಬಂಪರಿಗೂ ಅವಳ ಚಕ್ರಕ್ಕೂ ನಡುವೆ ಒಂದು ಗೇಣು. ಕೊನೆಗೆ ನಮ್ಮ ಕಿಟಕಿಯ ಪಕ್ಕದಲ್ಲೇ ಹಾದುಹೋದಳು, ನನ್ನ ಕಡೆ ನೋಡಲಿಲ್ಲ. ಲೀವ ಕನ್ನಡಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

ಸಾನೆ ಮೂರನೆಯವಳಾಗಿ ಬಂದಳು. ಕೊನೆಯ ಏರಿನ ಬುಡದವರೆಗೆ ಅವಳ ಮುಂದೆ ಗಾಳಿ ಒಡೆದದ್ದು ಚೈತ್ರ ಎಂದು ವೈರ್‌ಲೆಸ್ಸಿನಲ್ಲಿ ಕೇಳಿಸಿತು. ಅಲ್ಲಿಂದ ಮುಂದೆ ಇವಳು ಒಬ್ಬಳೇ ನಿಧಾನಕ್ಕೆ ತುಳಿದುಕೊಂಡು ಬಂದಳು, ಬಹುಶಃ ಎಲ್ಲರಿಗಿಂತ ಹಿಂದೆ. ಆದರೆ ನಂಬರ್ ಬೆನ್ನ ಮೇಲೇ ಇತ್ತು. ಕುರ್ಚಿ ಮಡಿಸುತ್ತಿದ್ದ ಅಜ್ಜಿಯೊಬ್ಬಳು ಕುರ್ಚಿ ಕೆಳಗಿಟ್ಟು ಚಪ್ಪಾಳೆ ತಟ್ಟಿದಳು.

ಚೈತ್ರ ವ್ಯಾನಿನ ಮೆಟ್ಟಿಲ ಮೇಲೆ ಕೂತಿದ್ದಳು, ಯಾರೋ ಅವಳ ಮೊಣಕೈ ತೊಳೆಯುತ್ತಿದ್ದರು. ನಾನು ಹತ್ತಿರ ಹೋದೆ.

"ಬಾಟ್ಲಿ ಬಿಟ್ಬಿಟ್ಟೆ ಕಣಮ್ಮ," ಅಂದೆ.

"ಗೊತ್ತಿತ್ತು," ಎಂದು ನಕ್ಕಳು. "ಕಿಟಕೀಲಿ ನಿನ್ ಕೈ ನೋಡ್ದಾಗ್ಲೇ ಅಂದ್ಕೊಂಡೆ, ಇವತ್ತು ಎಳೆತ ಸಿಗಲ್ಲ ಅಂತ. ಏಣಿ ಹಿಡಿದೋರ್ನ ಇಳಿಸಿ ಬೈತಿದ್ದೋನು ನೀನು. ನನಗೋಸ್ಕರ ಬಸ್ನೂ ಒಂದಿನ ನಿಧಾನ ಮಾಡ್ಲಿಲ್ಲ. ಹಂಗೆ ಓಡಿಸ್ದೆ ಅಂತ್ಲೇ ನಾನು ಇಲ್ಲಿದೀನಪ್ಪ."

ಸೆಕೆಂಡ್ ಗೇರಿನ ಮಾತು ಎತ್ತದೆ ನಾನು ಬಗ್ಗಿ ಅವಳ ಬೂಟಿನ ಧೂಳು ಒರೆಸಿದೆ. ಇನ್ನೂ ಒಂದು ಮಾತು ಹೇಳಬೇಕಿತ್ತು, ನಾನು ಯಾತಕ್ಕೆ ಬಿಟ್ಟೆನೋ ನನಗೇ ಗೊತ್ತಿಲ್ಲ ಎಂದು. ಅದನ್ನೂ ಹೇಳಲಿಲ್ಲ.

ಮಂಗಳವಾರ: ಸ್ಕೂಟರ್

ಸೋಮವಾರ ಪೂರ್ತಿ ಲೀವ ಏನೂ ಹೇಳಲಿಲ್ಲ. ಆ ದೇಶದ ಜನ ಹಾಗೆಯೇ, ಹೇಳುತ್ತೇನೆ ಎಂದ ದಿನಕ್ಕೆ ಮುಂಚೆ ಬಾಯಿ ಬಿಡುವುದಿಲ್ಲ. ಚೈತ್ರ ಊಟ ತೂಗುವುದನ್ನೂ ಮರೆತಿದ್ದಳು. ಜಯಮ್ಮ ಎರಡು ಸಲ ಫೋನ್ ಮಾಡಿದಳು, ನಾನು ನಾಳೆ ಎಂದೆ.

ಮಂಗಳವಾರ ಬೆಳಿಗ್ಗೆ ಲೀವ ಒಂದು ಹಳೆಯ ಸ್ಕೂಟರ್ ಓಡಿಸಿಕೊಂಡು ಬಂದು ಮನೆಯ ಮುಂದೆ ನಿಲ್ಲಿಸಿದರು. ಅದರ ಹಿಂದೆ ಸೈಕಲ್ ತುಳಿದು ವೇಗ ಅಭ್ಯಾಸ ಮಾಡುತ್ತಾರಂತೆ. ಅವರು ಚೈತ್ರನಿಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಿದರು. ಅವಳು ಹೆಲ್ಮೆಟ್ ಕೈಯಲ್ಲಿ ಹಿಡಿದು ಹಾಗೇ ನಿಂತಳು.

"ಏನಂತೆ?" ಅಂದೆ.

"ಮುಂದಿನ್ ವರ್ಷ ರೇಸ್‌ಗಳು ಉದ್ದ ಜಾಸ್ತಿ ಅಂತೆ. ಇವತ್ತಿಂದ್ಲೇ ಸ್ಕೂಟರ್ ಹಿಂದೆ ತುಳಿಬೇಕಂತೆ," ಎಂದಳು. ಮುಖ ಆಕಡೆ ತಿರುಗಿಸಿಕೊಂಡು ಹೆಲ್ಮೆಟ್ಟಿನ ಪಟ್ಟಿ ಕಟ್ಟಿಕೊಳ್ಳುವುದಕ್ಕೆ ತುಂಬಾ ಹೊತ್ತು ತೆಗೆದುಕೊಂಡಳು.

ಲೀವ ನನಗೆ ಹಿಂದಿನ ಸೀಟು ತೋರಿಸಿದರು. ಹೆಂಗಸಿನ ಸ್ಕೂಟರಿನ ಹಿಂದೆ ಕೂರುವುದು ಇದೇ ಮೊದಲು. ಕಾಲುವೆಯ ಪಕ್ಕದಲ್ಲಿ ನೇರ ದಾರಿ, ಎರಡೂ ಕಡೆ ಉದ್ದನೆಯ ಮರಗಳು. ಚೈತ್ರ ನನ್ನ ಬೆನ್ನಿನಿಂದ ಒಂದು ಮೊಳ ದೂರದಲ್ಲಿ ತಲೆ ಬಗ್ಗಿಸಿ ಬರುತ್ತಿದ್ದಳು. ಇಷ್ಟು ವರ್ಷ ಕನ್ನಡಿಯಲ್ಲಿ ಮಾತ್ರ ನೋಡಿದ್ದನ್ನು ಕತ್ತು ತಿರುಗಿಸಿ ಕಣ್ಣಾರೆ ನೋಡಿದೆ. ಉಸಿರಿನ ಸದ್ದು ಕೂಡ ಕೇಳಿಸುತ್ತಿತ್ತು.

ಸೇತುವೆಗೆ ಹತ್ತುವ ಒಂದು ಏರು ಬಂತು. ಮೊದಲ ಸಲ ಅವಳ ಭುಜ ಅಲುಗಿತು. ಸ್ಕೂಟರಿಗೂ ಚಕ್ರಕ್ಕೂ ನಡುವೆ ಜಾಗ ಬಿಡತೊಡಗಿತು, ಒಂದು ಗೇಣು, ಎರಡು ಗೇಣು. ಆಗ ಇಂಜಿನ್ನಿನ ಸದ್ದು ಒಂದು ಚೂರು ಇಳಿಯಿತು. ಬೇರೆ ಯಾರಿಗೂ ಅದು ತಿಳಿಯುತ್ತಿರಲಿಲ್ಲ. ಮುಂದಕ್ಕೆ ಬಗ್ಗಿ ನೋಡಿದೆ. ಲೀವ ಕನ್ನಡಿಯಲ್ಲಿ ಕಣ್ಣಿಟ್ಟು ಮಣಿಕಟ್ಟನ್ನು ಕೂದಲೆಳೆಯಷ್ಟು ಮುಂದಕ್ಕೆ ತಿರುಗಿಸಿದ್ದರು. ಚೈತ್ರನ ಚಕ್ರ ಮತ್ತೆ ಬಂದು ಅಂಟಿಕೊಂಡಿತು. ಏರು ಮುಗಿದ ಮೇಲೆ ಅವಳು ತಲೆಯೆತ್ತಿ, ಬಿಡಲಿಲ್ಲ ನೋಡು ಎನ್ನುವ ಹಾಗೆ ನನಗೆ ಹಲ್ಲು ತೋರಿಸಿದಳು.

ಕನ್ನಡಿಯಲ್ಲಿ ಲೀವರ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಅವರು ಬೆರಳನ್ನು ತುಟಿಯ ಮೇಲಿಟ್ಟರು. ನಾನು ತಲೆಯಾಡಿಸಿದೆ.

ಮನೆಗೆ ಬರುವಷ್ಟರಲ್ಲಿ ಜಯಮ್ಮನ ಫೋನು ಬಂತು. ಊರಿನಲ್ಲಿ ಆಗ ಮಧ್ಯಾಹ್ನ. ಹಿಂದಿನಿಂದ ಕರುವಿನ ಕೂಗು ಕೇಳುತ್ತಿತ್ತು.

"ನಮ್ಮಣ್ಣ ಬಂದು ಕೂತವ್ನೆ. ಏನ್ ಹೇಳ್ಲಿ?"

"ಬೇಡ ಅಂತ ಹೇಳು. ಇವ್ಳನ್ನ ಇಟ್ಕೊಂಡವ್ರೆ."

ಅವಳು ಅಳುತ್ತಿದ್ದಾಳೆ ಎಂದು ತಿಳಿಯಿತು. ಆಮೇಲೆ ಕೇಳಿದಳು: "ಅಲ್ಲಿ ಮಗೀನ ನೋಡ್ಕೊಳೋರು ಯಾರಾನಾ ಇದಾರೇನ್ರೀ?"

"ಇದಾರೆ ಕಣೆ. ಏರಲ್ಲಿ ಗಾಡಿ ನಿಧಾನ ಮಾಡ್ತಾರೆ."

ಅವಳಿಗೆ ಈ ಮಾತು ಹೇಗೆ ಅರ್ಥವಾಗಬೇಕು ಎಂದುಕೊಂಡು ವಿವರಿಸಲು ಹೊರಟೆ. ಅಷ್ಟರಲ್ಲಿ ಅವಳೇ ಅಂದಳು:

"ಕಂಡಕ್ಟರ್ ರಾಮಾಂಜಿ ನನಗೆ ಆವಾಗ್ಲೇ ಹೇಳಿದ್ದ, ನಿಮ್ ಸೆಕೆಂಡ್ ಗೇರ್ ವಿಷ್ಯಾನ. ಹಂಗಾದ್ರೆ ಇರ್ಲಿ ಬಿಡಿ ಅಲ್ಲೇ. ನೀವು ಬನ್ನಿ."